ಬಿ.ಎಸ್. ರಂಗಾ ಯಾರವರು? ತೆಲುಗಿನವರೋ, ನಮ್ಮವರೋ, ಕ್ಯಾಮರಾದವರೋ?

ಛಾಯಾಪಥಿಕ

ತೆಲುಗು ಸಿನಿಮಾದ ಛಾಯಾಗ್ರಾಹಕರ ಮಾತು ಬಂದಾಗೆಲ್ಲ ಅದೇ ನಾಲ್ಕೈದು ಹೆಸರು ಕೇಳಿಸುತ್ತವೆ. ಮಾರ್ಕಸ್ ಬಾರ್ಟ್ಲಿ, ರವಿಕಾಂತ್ ನಗಾಯಿಚ್, ವಿ.ಎಸ್.ಆರ್. ಸ್ವಾಮಿ, ಎಸ್. ಗೋಪಾಲ ರೆಡ್ಡಿ, ಈಚೆಗೆ ಸೆಂಥಿಲ್ ಕುಮಾರ್. ಎಲ್ಲರೂ ದೊಡ್ಡವರೇ. ಆದರೆ ಬಿ.ಎಸ್. ರಂಗಾ ಅವರ ಹೆಸರು ಅಲ್ಲಿ ಬರುವುದಿಲ್ಲ. ನಮ್ಮ ಕಡೆಯೋ, ಅವರನ್ನು ಪೌರಾಣಿಕ ಚಿತ್ರಗಳ ನಿರ್ದೇಶಕ ಅಂತ ಒಂದು ಸಾಲಿನಲ್ಲಿ ಮುಗಿಸುತ್ತೇವೆ.

1917ರಲ್ಲಿ ಮಾಗಡಿಯಲ್ಲಿ ಹುಟ್ಟಿದವರು. ಪೂರ್ತಿ ಹೆಸರು ಬಿಂಡಿಗನವಿಲೆ ಶ್ರೀನಿವಾಸ ಅಯ್ಯಂಗಾರ್ ರಂಗಾ. ಸ್ಟಿಲ್ ಫೋಟೋಗ್ರಫಿಯಿಂದ ಸಿನಿಮಾ ಕ್ಯಾಮರಾಕ್ಕೆ, ಅಲ್ಲಿಂದ ನಿರ್ದೇಶನ, ನಿರ್ಮಾಣಕ್ಕೆ ಬಂದರು. ಮದ್ರಾಸಿನಲ್ಲಿ ಸ್ವಂತ ವಿಕ್ರಂ ಸ್ಟುಡಿಯೋ ಕಟ್ಟಿದರು, ಬೆಂಗಳೂರಿನಲ್ಲಿ ವಸಂತ್ ಕಲರ್ ಲ್ಯಾಬ್ ಶುರು ಮಾಡಿದರು. 2010ರಲ್ಲಿ ಚೆನ್ನೈನಲ್ಲಿ ತೀರಿಕೊಂಡರು. ಬೆಳಕು ಹೊಂದಿಸಿ ಫಿಲಂ ಮೇಲೆ ಚಿತ್ರ ಹಿಡಿಯುವುದರಿಂದ ಹಿಡಿದು ಆ ಫಿಲಂ ತೊಳೆದು ಪ್ರಿಂಟ್ ಹಾಕುವವರೆಗೆ ಎಲ್ಲ ಹಂತದಲ್ಲೂ ಕೈಯಿಟ್ಟವರು ದಕ್ಷಿಣದಲ್ಲಿ ಎಷ್ಟು ಜನ ಸಿಗುತ್ತಾರೆ ಹೇಳಿ.

ನನ್ನ ವಾದ ಇಷ್ಟು: ರಂಗಾ ಅವರನ್ನು ತೆಲುಗಿನ ಕಡೆಯಿಂದ ನೋಡದೆ ಅವರ ಕೆಲಸದ ಅಳತೆ ಸಿಗುವುದಿಲ್ಲ. 1956ರ ‘ತೆನಾಲಿ ರಾಮಕೃಷ್ಣ’ದಲ್ಲಿ ನಾಗೇಶ್ವರರಾಯರು ರಾಮಕೃಷ್ಣ, ಎನ್.ಟಿ.ಆರ್. ಕೃಷ್ಣದೇವರಾಯ, ಭಾನುಮತಿ ಗೂಢಚಾರಿಣಿ ಕೃಷ್ಣಸಾನಿ. ಅದೇ ಹೊತ್ತಿಗೆ ತಮಿಳಿನಲ್ಲಿ ‘ತೆನಾಲಿ ರಾಮನ್’. ಅಲ್ಲಿ ರಾಮನ್ ಪಾತ್ರಕ್ಕೆ ಶಿವಾಜಿ ಗಣೇಶನ್. ರಾಯ ಮಾತ್ರ ಎರಡರಲ್ಲೂ ಎನ್.ಟಿ.ಆರ್., ಕೃಷ್ಣಸಾನಿ ಎರಡರಲ್ಲೂ ಭಾನುಮತಿ. ಆಮೇಲೆ 1964ರಲ್ಲಿ ಜಕಣಾಚಾರಿಯ ಕಥೆಯನ್ನು ಕನ್ನಡ, ತೆಲುಗು ಎರಡರಲ್ಲೂ ಬಣ್ಣದಲ್ಲಿ ತೆಗೆದರು. ಹಂಪಿಯ ಕಥೆ, ಬೇಲೂರಿನ ಕಥೆ ಎರಡನ್ನೂ ತೆಲುಗಿನ ಅಗ್ರ ತಾರೆಯರ ಕೈಗೆ ಕೊಟ್ಟವರು ಮಾಗಡಿಯ ಒಬ್ಬ ಕ್ಯಾಮರಾಮನ್.

ತಿಳಿದವರು ಸೇರಿಸಿ. ಒಪ್ಪದಿದ್ದರೂ ಬರೆಯಿರಿ.

ಬಳ್ಳಾರಿ ಬಯಲು

ಒಳ್ಳೆ ವಿಷಯ ತೆಗೆದ್ರಿ ಸರ್. ನಮ್ಮ ಬಳ್ಳಾರಿ ಕಡೆ ಮನೆಮನೆಯಲ್ಲೂ ತೆಲುಗು ಸಿನಿಮಾನೇ. ‘ತೆನಾಲಿ ರಾಮಕೃಷ್ಣ’ ನಮ್ಮ ಅಜ್ಜನ ತಲೆಮಾರಿನವರಿಗೆ ಬಾಯಿಪಾಠ. ಆದರೆ ಅದರ ನಿರ್ದೇಶಕರು ಕನ್ನಡದವರು ಅಂದ್ರ ಇವತ್ತಿಗೂ ನಂಬದವರು ಅದಾರ. ಹೊಸಪೇಟೆಯಿಂದ ಹಂಪಿ ಕೂಗಳತೆ ದೂರ, ಅಲ್ಲಿನ ರಾಯನ್ನ ನಾವು ಮೊದಲು ಪರದೆ ಮೇಲೆ ನೋಡಿದ್ದು ತೆಲುಗಿನಲ್ಲಿ.

ಒಂದು ಮಾತು ಸೇರಿಸ್ತೀನಿ. ಆ ಚಿತ್ರ ಸಿ.ಎಚ್. ವೆಂಕಟರಾಮಯ್ಯ ಅವರ ನಾಟಕದ ಮೇಲೆ ನಿಂತದ್ದು. ಬರೀ ಹಾಸ್ಯದ ಕಥೆಗಳ ಸರಮಾಲೆ ಅಲ್ಲ ಅದು. ಗೂಢಚಾರಿಣಿ ಒಬ್ಬಾಕಿ ರಾಯನ್ನ ಮೋಹದಾಗ ಕೆಡವಿ ರಾಜ್ಯಕ್ಕೆ ಕಂಟಕ ತರೋದು, ಕವಿ ತನ್ನ ಬುದ್ಧಿಯಿಂದ ಅದನ್ನ ತಪ್ಪಿಸೋದು, ಅಂದ್ರ ರಾಜಕಾರಣದ ಕಥೆ. ನಾಲ್ಕನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅದಕ್ಕೆ ಅರ್ಹತಾ ಪತ್ರ ಬಂತು. ಎನ್.ಟಿ.ಆರ್. ಆಮೇಲೆ 1962ರ ‘ಮಹಾಮಂತ್ರಿ ತಿಮ್ಮರುಸು’ದಲ್ಲೂ ರಾಯನಾದ್ರು. ನಮ್ಮಲ್ಲಿ ರಾಜ್‌ಕುಮಾರ್ ರಾಯನ ವೇಷ ಹಾಕಿದ್ದು 1970ರಲ್ಲಿ, ಪಂತುಲು ಅವರ ಚಿತ್ರದಾಗ. ರಂಗಾ ಅವರು ಆ ಎರಡೂ ಚಿತ್ರಕ್ಕಿಂತ ಮೊದಲೇ ಆ ದರ್ಬಾರು ಕಟ್ಟಿದ್ರು.

ನಾಂದಿಪದ್ಯ

ಗೌರವದಿಂದಲೇ ಭಿನ್ನಾಭಿಪ್ರಾಯ ಹೇಳುತ್ತೇನೆ ಪಥಿಕರೇ. ನೀವು ರಂಗಾ ಅವರನ್ನು ಛಾಯಾಗ್ರಾಹಕರ ಸಾಲಿಗೆ ತರುತ್ತಿದ್ದೀರಿ, ಸರಿ. ಆದರೆ ಛಾಯಾಗ್ರಾಹಕ ಅಂತ ನೆನಪಿನಲ್ಲಿ ಉಳಿಯಬೇಕಾದರೆ ಪರದೆ ಮೇಲೆ ಅವರದೇ ಅಂತ ಗುರುತಿಸಬಹುದಾದ ಬೆಳಕು ಇರಬೇಕಲ್ಲವೇ? ಬಾರ್ಟ್ಲಿಯನ್ನು ನೋಡಿ. 1951ರ ‘ಪಾತಾಳ ಭೈರವಿ’, 1955ರ ‘ಮಿಸ್ಸಮ್ಮ’, 1957ರ ‘ಮಾಯಾಬಜಾರ್’, 1962ರ ‘ಗುಂಡಮ್ಮ ಕಥಾ’. ಇವೆಲ್ಲ ವಿಜಯಾ ಎಂಬ ಒಂದೇ ಸಂಸ್ಥೆಯ ಚಿತ್ರಗಳು, ಆದರೆ ಒಂದರ ಬೆಳಕು ಇನ್ನೊಂದರ ಹಾಗಿಲ್ಲ. ಪೌರಾಣಿಕಕ್ಕೆ ಒಂದು, ಮನೆಯ ಕಥೆಗೆ ಇನ್ನೊಂದು. ‘ಮಾಯಾಬಜಾರ್’ ದೋಣಿಯ ಹಾಡಿನ ಬೆಳದಿಂಗಳು ಬಹುಪಾಲು ಸ್ಟುಡಿಯೋದೊಳಗೆ ಹುಟ್ಟಿದ್ದು ಅಂದರೆ ಇವತ್ತಿನ ಹುಡುಗರು ನಂಬುವುದಿಲ್ಲ. ಅದಾದ ಮೇಲೆ 1965ರಲ್ಲಿ ಮಲಯಾಳಕ್ಕೆ ಹೋಗಿ ‘ಚೆಮ್ಮೀನ್’ ಅನ್ನು ಈಸ್ಟ್‌ಮನ್ ಕಲರಿನಲ್ಲಿ, ನಿಜವಾದ ಕಡಲಿನ ಎದುರು ಹಿಡಿದರು. ಒಳಾಂಗಣದ ಚಂದ್ರನಿಗೂ ಹೊರಾಂಗಣದ ಸೂರ್ಯನಿಗೂ ಅದೇ ಕೈ.

ರಂಗಾ ಅವರು ಸ್ಟುಡಿಯೋ ಒಡೆಯರಾದ ಮೇಲೆ ವ್ಯವಹಾರದಲ್ಲಿ ಮುಳುಗಿದರು ಅಂತ ನನ್ನ ಭಾವನೆ. ಕ್ಯಾಮರಾದ ಕೆಲಸವನ್ನು ಬಿ.ಎನ್. ಹರಿದಾಸ್ ನೋಡಿಕೊಂಡರು. ಹಾಗಾಗಿ ನಿರ್ದೇಶಕರು, ನಿರ್ಮಾಪಕರು ಅನ್ನುವ ಪಟ್ಟಿಯೇ ಅವರಿಗೆ ಸರಿ.

ಕಟ್ಟರ್‌ಸ್ಟ್ಯಾಂಡ್

ನಾನು ಮದ್ರಾಸಿನಲ್ಲಿ ಕ್ಯಾಮರಾ ಡಿಪಾರ್ಟ್‌ಮೆಂಟಿನಲ್ಲಿ ದುಡಿದವನು. ರಂಗಾ ಅವರ ಕಾಲಕ್ಕಿಂತ ಬಹಳ ಆಮೇಲೆ. ಆದರೆ ಆ ಕಾಲದಲ್ಲಿ ಲೈಟ್ ಎತ್ತಿದವರು ನಮಗೆ ಗುರುಗಳು. ಹಾಗಾಗಿ ಕೆಲಸದ ಕಡೆಯಿಂದ ಎರಡು ಮಾತು.

ನಾಂದಿಪದ್ಯ ಅವರೇ, ದ್ವಿಭಾಷಾ ಚಿತ್ರ ಅಂದರೆ ಸೆಟ್ಟಿನಲ್ಲಿ ಏನಾಗುತ್ತದೆ ಅಂತ ಸ್ವಲ್ಪ ಯೋಚಿಸಿ. ಇದು ಡಬ್ಬಿಂಗ್ ಅಲ್ಲ. ಶಾಟ್ ಇಟ್ಟು ತೆಲುಗು ಟೇಕ್ ಓಕೆ ಮಾಡುತ್ತೀರಿ. ಅದೇ ಸೆಟ್, ಅದೇ ಟ್ರಾಲಿ, ಅದೇ ಲೆನ್ಸ್. ಆದರೆ ಈಗ ನಾಗೇಶ್ವರರಾಯರ ಜಾಗಕ್ಕೆ ಶಿವಾಜಿ ಬಂದು ನಿಲ್ಲುತ್ತಾರೆ. ಮುಖದ ಆಕಾರ ಬೇರೆ, ನಿಲ್ಲುವ ಠೀವಿ ಬೇರೆ, ಸಂಭಾಷಣೆ ಹೇಳುವಾಗ ತಲೆ ಎತ್ತುವ ರೀತಿ ಬೇರೆ. ಒಬ್ಬರಿಗೆ ಇಟ್ಟ ಕೀ ಲೈಟ್ (ಮುಖದ ಮುಖ್ಯ ಬೆಳಕು) ಇನ್ನೊಬ್ಬರ ಕಣ್ಣ ಕೆಳಗೆ ನೆರಳು ಹಾಕುತ್ತದೆ. ಒಬ್ಬರು ಮೆಲ್ಲಗೆ ಮಾತಾಡಿ ಮುಗಿಸುವ ಜಾಗದಲ್ಲಿ ಇನ್ನೊಬ್ಬರು ಎರಡು ಹೆಜ್ಜೆ ಮುಂದೆ ಬರುತ್ತಾರೆ, ಫೋಕಸ್ ಗುರುತು ಬದಲಾಗುತ್ತದೆ. ಎದುರಿಗಿರುವ ಎನ್.ಟಿ.ಆರ್. ಅದೇ ಸಿಂಹಾಸನದಲ್ಲಿ ಕೂತು ಈಗ ತಮಿಳಿನಲ್ಲಿ ಉತ್ತರ ಕೊಡಬೇಕು. ಬರೀ ನಿರ್ಮಾಪಕನಾದವನು ಇಂಥ ಕಡೆ ದಿನಗಟ್ಟಲೆ ಕಳೆದುಬಿಡುತ್ತಾನೆ. ಬೆಳಕು ಗೊತ್ತಿರುವವನು ಶಾಟ್ ಯೋಚಿಸುವಾಗಲೇ ಎರಡೂ ಮುಖಕ್ಕೆ ಜಾಗ ಇಟ್ಟಿರುತ್ತಾನೆ. ಇಂಥ ಚಿತ್ರ ತೆಗೆಯುವ ಧೈರ್ಯ ಕ್ಯಾಮರಾದಿಂದ ಬಂದದ್ದು ಅಂತ ನಾನು ಹೇಳುತ್ತೇನೆ.

ಲೆಕ್ಕವೂ ಹೀಗೇ. ಸೆಟ್, ಉಡುಪು, ಫ್ಲೋರ್ ಬಾಡಿಗೆ ಎರಡು ಚಿತ್ರಕ್ಕೆ ಹಂಚಿಹೋಗುತ್ತದೆ. ಹೆಚ್ಚಾಗುವುದು ನೆಗೆಟಿವ್ ಮತ್ತು ನಟರ ಕಾಲ್‌ಶೀಟ್. ಮಾರುಕಟ್ಟೆ ಮಾತ್ರ ಎರಡು ರಾಜ್ಯ. ವಿಜಯಾ ಸಂಸ್ಥೆಯವರು ‘ಮಾಯಾಬಜಾರ್’ ಮಾಡಿದ್ದೂ ಹೀಗೆಯೇ. ತೆಲುಗಿನಲ್ಲಿ ಅಭಿಮನ್ಯು ನಾಗೇಶ್ವರರಾಯರು, ತಮಿಳಿನಲ್ಲಿ ಜೆಮಿನಿ ಗಣೇಶನ್. ಘಟೋತ್ಕಚನಾಗಿ ಎರಡರಲ್ಲೂ ಎಸ್.ವಿ. ರಂಗರಾವ್.

ಇನ್ನೊಂದು. ಬಾರ್ಟ್ಲಿಗೆ ನಾಗಿ ರೆಡ್ಡಿ, ಚಕ್ರಪಾಣಿಯವರ ಸಂಸ್ಥೆ ಬೆನ್ನಿಗಿತ್ತು. ವಾಹಿನಿಯ ಫ್ಲೋರು, ಕಲಾ ವಿಭಾಗದಲ್ಲಿ ಗೋಖಲೆ, ಕಲಾಧರ್ ಅಂಥವರು. ಅವರು ಬೆಳಕೊಂದನ್ನೇ ನೋಡಿಕೊಂಡರೆ ಸಾಕಿತ್ತು. ರಂಗಾ ಅವರು ಅಂಥ ಆಸರೆಯನ್ನು ತಾವೇ ಕಟ್ಟಿಕೊಂಡರು. ಒಂದೇ ಕಸುಬಿನ ಎರಡು ದಾರಿ ಇವು. ಒಂದನ್ನು ಹಿಡಿದು ಇನ್ನೊಂದನ್ನು ತೂಗುವುದು ಸರಿಯಲ್ಲ.

ನಾಂದಿಪದ್ಯ

> ಇಂಥ ಚಿತ್ರ ತೆಗೆಯುವ ಧೈರ್ಯ ಕ್ಯಾಮರಾದಿಂದ ಬಂದದ್ದು

ಈ ಮಾತು ಒಪ್ಪುವಂಥದ್ದು ಸರ್. ಆದರೂ ಅದು ಯೋಜನೆಯ ಕೌಶಲ. ನಾನು ಕೇಳುತ್ತಿರುವುದು ಪರದೆಯ ಮೇಲಿನದು.

ಮಾಗಡಿಯವಳು

ಪರದೆಯ ಮೇಲಿನದು ಬೇಕಾದರೆ ‘ಅಮರಶಿಲ್ಪಿ ಜಕಣಾಚಾರಿ’ಗೆ ಬನ್ನಿ. ಕನ್ನಡದ ಮೊದಲ ಪೂರ್ಣಪ್ರಮಾಣದ ವರ್ಣಚಿತ್ರ ಅಂತ ಶಾಲೆಯ ಸಾಮಾನ್ಯಜ್ಞಾನದ ಪುಸ್ತಕದಲ್ಲೂ ಇರುತ್ತದೆ. ಆ ಸಾಲಿನಾಚೆ ಯಾರೂ ಮಾತಾಡುವುದಿಲ್ಲ ಅನ್ನುವುದು ನನ್ನ ಬೇಸರ. ಕನ್ನಡದಲ್ಲಿ ಕಲ್ಯಾಣ್ ಕುಮಾರ್, ತೆಲುಗಿನ ‘ಅಮರಶಿಲ್ಪಿ ಜಕ್ಕನ್ನ’ದಲ್ಲಿ ನಾಗೇಶ್ವರರಾಯರು, ಎರಡರಲ್ಲೂ ನಾಯಕಿ ಬಿ. ಸರೋಜಾದೇವಿ. ತೆಲುಗಿಗೆ ಎಸ್. ರಾಜೇಶ್ವರರಾವ್ ಸಂಗೀತ. ಸಿ. ನಾರಾಯಣ ರೆಡ್ಡಿಯವರು ಬರೆದು ಘಂಟಸಾಲ ಹಾಡಿದ ‘ಈ ನಲ್ಲನಿ ರಾಲಲೋ’ ಇವತ್ತಿಗೂ ತೆಲುಗು ಮನೆಗಳಲ್ಲಿ ಜೀವಂತ ಇದೆ.

ನನಗೆ ಸೋಜಿಗ ಅನ್ನಿಸುವುದು ಇದು. ಮೊದಲ ಬಾರಿ ಬಣ್ಣ ಕೈಗೆ ಸಿಕ್ಕಾಗ ಯಾರಾದರೂ ಏನು ಮಾಡುತ್ತಾರೆ? ಉದ್ಯಾನ, ರಾಜಮಹಲು, ದೇವಲೋಕ ತೋರಿಸುತ್ತಾರೆ. ಇವರು ಕಲ್ಲಿನ ಕಥೆ ಆರಿಸಿಕೊಂಡರು! ಬೇಲೂರಿನ ಬಳಪದ ಕಲ್ಲು ಹತ್ತಿರದಿಂದ ನೋಡಿದವರಿಗೆ ಗೊತ್ತು, ಬೂದು, ಹಸಿರುಗಪ್ಪು, ಎಣ್ಣೆ ಸವರಿದ ಹಾಗೆ ಒಂದು ಹೊಳಪು. ಬಣ್ಣವೇ ಇಲ್ಲ ಅನ್ನಿಸುವ ಬಣ್ಣ ಅದು. ಅದರ ಪಕ್ಕ ಮನುಷ್ಯರ ಮೈಬಣ್ಣ, ನರ್ತಕಿಯ ಉಡುಗೆ ನಿಂತಾಗಲೇ ಕಲ್ಲು ಕಲ್ಲಾಗಿ ಕಾಣುವುದು. ಈ ಆಯ್ಕೆ ಕ್ಯಾಮರಾಮನ್ ಒಬ್ಬನಿಗೇ ಹೊಳೆಯುವಂಥದ್ದು ಅಂತ ನನಗೆ ಅನಿಸುತ್ತದೆ.

ಕಟ್ಟರ್‌ಸ್ಟ್ಯಾಂಡ್

ಮೇಡಂ, ನೀವು ಹೇಳಿದ್ದಕ್ಕೆ ತಾಂತ್ರಿಕ ಬೆಂಬಲ ಕೊಡುತ್ತೇನೆ.

ಆ ಕಾಲದ ಈಸ್ಟ್‌ಮನ್ ಕಲರ್ ನೆಗೆಟಿವ್ ವೇಗ, ಅಂದರೆ ಬೆಳಕು ಹಿಡಿಯುವ ಶಕ್ತಿ, ಬರೀ 50 ಎಎಸ್ಎ. ಕಪ್ಪುಬಿಳುಪಿನಲ್ಲಿ ಆಗಲೇ 200ರ ಮೇಲಿನ ವೇಗದ ಡಬಲ್ ಎಕ್ಸ್ ಅನ್ನುವ ಫಿಲಂ ಬಂದಿತ್ತು. ಅಂದರೆ ಬಣ್ಣಕ್ಕೆ ಸುಮಾರು ನಾಲ್ಕು ಪಟ್ಟು ಬೆಳಕು. ಸೆಟ್ಟಿನಲ್ಲಿ ಆರ್ಕ್ ಲೈಟು ಉರಿಯುತ್ತಿದ್ದರೆ ಮೇಕಪ್ಪು ಇಳಿಯುತ್ತದೆ, ನಟಿಯ ಹಣೆ ಮಿಂಚುತ್ತದೆ, ಪ್ಲಾಸ್ಟರಿನ ಶಿಲ್ಪಕ್ಕೆ ಬಳಿದ ಬಣ್ಣ ಸುಳ್ಳು ಅಂತ ತಕ್ಷಣ ಗೊತ್ತಾಗುತ್ತದೆ. ಕಪ್ಪುಬಿಳುಪಿನಲ್ಲಿ ಈ ಕಷ್ಟ ಇಲ್ಲ. ಅಲ್ಲಿ ನೆರಳು ಎಲ್ಲವನ್ನೂ ಮುಚ್ಚಿಕೊಳ್ಳುತ್ತದೆ. ಬಣ್ಣದಲ್ಲಿ ನೆರಳು ಬಿಟ್ಟರೆ ಅದು ಕೆಸರಿನ ಹಾಗೆ ಕಾಣುತ್ತದೆ, ನೆರಳು ತುಂಬಿಸಿದರೆ ಶಿಲ್ಪದ ಉಬ್ಬುತಗ್ಗೇ ಸತ್ತುಹೋಗುತ್ತದೆ. ಶಿಲ್ಪ ಅಂದರೆ ಅಡ್ಡಬೆಳಕು. ಪಕ್ಕದಿಂದ ಬೆಳಕು ಬಿದ್ದರೇನೇ ಉಳಿಯ ಗೆರೆ ಕಾಣುವುದು. 50ರ ನೆಗೆಟಿವ್‌ನಲ್ಲಿ ಅಡ್ಡಬೆಳಕೂ ಇಡಬೇಕು, ಮುಖವೂ ಕಾಣಬೇಕು. ನನ್ನನ್ನು ಕೇಳಿದರೆ ಇಡೀ ಚಿತ್ರದ ಸವಾಲು ಇದೇ.

ತೆಲುಗಿನಲ್ಲಿ ಪೂರ್ತಿ ಬಣ್ಣದಲ್ಲಿ ಬಂದ ಮೊದಲ ಚಿತ್ರ ‘ಲವಕುಶ’, 1963, ಗೇವಾ ಕಲರ್. ಜಕ್ಕನ್ನ ಅದರ ಬೆನ್ನಿಗೇ ಬಂದದ್ದು. ಯಾರಿಗೂ ಅನುಭವ ಇಲ್ಲದ ಕಾಲ ಅದು. ಇಂಥ ಹೊತ್ತಿನಲ್ಲಿ ನಿರ್ದೇಶಕನಿಗೇ ನೆಗೆಟಿವ್ ಭಾಷೆ ಗೊತ್ತಿದ್ದರೆ ಅರ್ಧ ಜಗಳ ತಪ್ಪುತ್ತದೆ.

ಛಾಯಾಪಥಿಕ

ಎಂಥ ವಿವರಣೆ ಸರ್! ಧನ್ಯವಾದ.

ಮಾಗಡಿಯ ಅಕ್ಕ ಶಿಲ್ಪದ ಮಾತು ಎತ್ತಿದ್ದಕ್ಕೆ ಒಂದು ಪಕ್ಕದ ವಿಷಯ. ಜಕಣಾಚಾರಿ ಐತಿಹ್ಯದ ಶಿಲ್ಪಿ. ತುಮಕೂರಿನ ಹತ್ತಿರದ ಕೈದಾಳದಲ್ಲಿ ಅವನಿಗೆ ಕೈ ಮರಳಿ ಬಂತು ಅನ್ನುವುದು ನಂಬಿಕೆ. ಆದರೆ ಬೇಲೂರು, ಹಳೇಬೀಡು, ಸೋಮನಾಥಪುರದಲ್ಲಿ ದುಡಿದ ನಿಜವಾದ ರೂವಾರಿಗಳು ತಮ್ಮ ಹೆಸರನ್ನು ಪೀಠದ ಮೇಲೆ ಕೊರೆದಿದ್ದಾರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಆಮೇಲೆ ಮಲ್ಲಿತಮ್ಮ. ಯಾವ ಮೂರ್ತಿ ಯಾರದು ಅಂತ ಒಂಬತ್ತು ಶತಮಾನ ಆದಮೇಲೂ ಹೇಳಬಹುದು. ಅರವತ್ತು ವರ್ಷದ ಹಿಂದಿನ ಚಿತ್ರದಲ್ಲಿ ಯಾವ ದೃಶ್ಯ ಯಾರು ಬೆಳಗಿದ್ದು ಅಂತ ನಮಗೆ ಹೇಳಲಾಗುತ್ತಿಲ್ಲ. ನನಗೆ ಇದು ತುಂಬಾ ನೋವಿನ ಸಂಗತಿ.

ಕೋಲಾರ ಕೆಂಪುಮಣ್ಣು

ಎಲ್ಲರಿಗೂ ನಮಸ್ಕಾರ. ಈ ಎಳೆ ಓದುತ್ತಾ ಒಂದು ಪ್ರಶ್ನೆ. ಕ್ಯಾಮರಾದಿಂದ ನಿರ್ದೇಶನಕ್ಕೆ ಬಂದವರು ತೆಲುಗಿನಲ್ಲಿ ಬಹಳ ಜನ ಇದ್ದಾರೆ. ತೇಜ ಇದ್ದಾರೆ, 2000ದಲ್ಲಿ ‘ಚಿತ್ರಂ’ ಮಾಡಿದವರು. ಎಂ.ವಿ. ರಘು ‘ಸಿತಾರ’, ‘ಸ್ವಾತಿಮುತ್ಯಂ’, ‘ಸಿರಿವೆನ್ನೆಲ’ ಚಿತ್ರಗಳಿಗೆ ಕ್ಯಾಮರಾ ಹಿಡಿದು 1988ರಲ್ಲಿ ‘ಕಳ್ಳು’ ನಿರ್ದೇಶಿಸಿದರು (ತೆಲುಗಿನಲ್ಲಿ ಕಣ್ಣುಗಳು ಅಂತ ಅರ್ಥ, ನಮ್ಮ ಕಳ್ಳು ಅಲ್ಲ). ಆದರೆ ಕ್ಯಾಮರಾದ ಹಿಂದಿನಿಂದ ಮುಂದಕ್ಕೆ ಬಂದು ನಟರಾದವರು ಯಾರು?

ಬಳ್ಳಾರಿ ಬಯಲು

ಕೆಂಪುಮಣ್ಣು ಅಣ್ಣಾ, ನನಗೆ ತಟ್ಟನೆ ನೆನಪಾಗೋದು ರಾಜೀವ್ ಮೆನನ್. ಜಾಹೀರಾತಿನಿಂದ ಬಂದವರು. ಕಥಾಚಿತ್ರಕ್ಕೆ ಮೊದಲ ಸಲ ಕ್ಯಾಮರಾ ಹಿಡಿದದ್ದು ತೆಲುಗಿನ ‘ಚೈತನ್ಯ’ದಾಗ, 1991, ನಾಗಾರ್ಜುನ ಹೀರೋ. ಅದರ ಮರುವರ್ಷ ನಮ್ಮ ಗಿರೀಶ ಕಾರ್ನಾಡರ ‘ಚೆಲುವಿ’. ಆಮೇಲೆ ‘ಬಾಂಬೆ’, ‘ಗುರು’. ನಿರ್ದೇಶಕರಾಗಿ ‘ಮಿನ್ಸಾರ ಕನವು’. ಆ ಚಿತ್ರದ ಹಾಡಿಗೇ ನಮ್ಮ ಎಸ್ಪಿಬಿಗೆ ರಾಷ್ಟ್ರಪ್ರಶಸ್ತಿ ಬಂತು. ಚೆನ್ನೈನಲ್ಲಿ ಮೈಂಡ್‌ಸ್ಕ್ರೀನ್ ಅಂತ ಸಿನಿಮಾ ಶಾಲೆ ಕಟ್ಯಾರ. ‘ರೋಜಾ’ದ ನಾಯಕನ ಪಾತ್ರ ಮೊದಲು ಅವರ ಹತ್ತಿರ ಬಂದಿತ್ತು, ಅವರು ಒಲ್ಲೆ ಅಂದ್ರು. ಕಡೆಗೆ 2023ರ ‘ವಿಡುದಲೈ’ಯಲ್ಲಿ ದೊಡ್ಡ ಅಧಿಕಾರಿಯ ಪಾತ್ರದಾಗ ನೋಡ್ರಿ. ಆ ಮನುಷ್ಯ ಕೂತ ಕಡೆಯಿಂದ ಅಲುಗಾಡದೆ ಎದುರಿನವರನ್ನ ಅಳೀತಾರ. ಲೆನ್ಸ್ ಎಲ್ಲೈತಿ, ತನ್ನ ಮುಖ ಅದರಾಗ ಎಷ್ಟು ದೊಡ್ಡದು ಅಂತ ಗೊತ್ತಿದ್ದವರ ನಟನೆ ಅದು. ಒಂಚೂರೂ ಹೆಚ್ಚಿಲ್ಲ.

ನಾಂದಿಪದ್ಯ

‘ಮಾರ್ನಿಂಗ್ ರಾಗಾ’ವನ್ನು ಮರೆಯಬೇಡಿ. ಬೆಂಗಳೂರಿನ ಮಹೇಶ್ ದತ್ತಾನಿ ನಿರ್ದೇಶನ, ರಾಜೀವ್ ಮೆನನ್ ಕ್ಯಾಮರಾ, ಆಂಧ್ರದ ಹಳ್ಳಿಯ ಸಂಗೀತದ ಕಥೆ. 2004. ಆ ಹಸಿರು, ಆ ಬೆಳಗಿನ ಬೆಳಕು ನನಗೆ ಬಹಳ ಇಷ್ಟ.

ಕೋಲಾರ ಕೆಂಪುಮಣ್ಣು

ನಗಾಯಿಚ್ ಅವರ ಹೆಸರು ಪಥಿಕರು ಮೊದಲ ಸಾಲಿನಲ್ಲಿ ಬರೆದಿದ್ದರು, ಅವರ ಬಗ್ಗೆಯೂ ಯಾರಾದರೂ ಹೇಳಿ. 1961ರ ‘ಸೀತಾರಾಮ ಕಲ್ಯಾಣಂ’ನ ಹತ್ತು ತಲೆಯ ರಾವಣನ ಟ್ರಿಕ್ ಅವರದೇ ಅಲ್ಲವೇ? ಎನ್.ಟಿ.ಆರ್. ತಾವೇ ನಿರ್ದೇಶಿಸಿ ರಾವಣನಾದ ಚಿತ್ರ.

ಕಟ್ಟರ್‌ಸ್ಟ್ಯಾಂಡ್

ಅವರದೇ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಒಂದೇ ಮುಖವನ್ನು ಹಲವು ಸಲ ತೋರಿಸಬೇಕಾದರೆ ಲೆನ್ಸಿನ ಮುಂದೆ ಕಪ್ಪು ಮಾಸ್ಕ್ ಇಟ್ಟು ಫ್ರೇಮಿನ ಒಂದು ಭಾಗಕ್ಕೆ ಮಾತ್ರ ಬೆಳಕು ಬೀಳಿಸಬೇಕು. ಆಮೇಲೆ ಫಿಲಂ ಹಿಂದಕ್ಕೆ ಸುತ್ತಿ, ಮಾಸ್ಕ್ ಸರಿಸಿ, ಇನ್ನೊಂದು ಭಾಗ. ಕ್ಯಾಮರಾ ಕೂದಲೆಳೆಯಷ್ಟು ಅಲುಗಿದರೂ ಅಲ್ಲಿಯವರೆಗಿನದೆಲ್ಲ ಹಾಳು. ನಟನೂ ಅಷ್ಟೇ, ಕತ್ತು ಇಟ್ಟ ಜಾಗ ಬಿಡುವಂತಿಲ್ಲ. ಎಲ್ಲ ಮುಗಿದು ಲ್ಯಾಬಿನಿಂದ ಬಂದಮೇಲೆಯೇ ಗೆದ್ದೆವೋ ಸೋತೆವೋ ಅಂತ ತಿಳಿಯುವುದು.

ನಗಾಯಿಚ್ ಅವರ ದಾರಿಯೂ ನೋಡಬೇಕಾದದ್ದು. 1966ರಲ್ಲಿ ಕೃಷ್ಣ ನಾಯಕರಾದ ‘ಗೂಢಚಾರಿ 116’ಕ್ಕೆ ಕ್ಯಾಮರಾ ಹಿಡಿದರು. ಮರುವರ್ಷ ಅದೇ ಕಥೆಯನ್ನು ಹಿಂದಿಯಲ್ಲಿ ‘ಫರ್ಜ್’ ಅಂತ ತಾವೇ ನಿರ್ದೇಶಿಸಿದರು. ಜಿತೇಂದ್ರ ಅದರಿಂದಲೇ ಸ್ಟಾರ್ ಆದದ್ದು. ತೆಲುಗು ಕ್ಯಾಮರಾಮನ್ ಒಬ್ಬರು ಬಾಂಬೆಯ ಪತ್ತೇದಾರಿ ಚಿತ್ರಗಳಿಗೆ ಹೊಸ ಫ್ಯಾಷನ್ ಕೊಟ್ಟರು ಅಂದರೆ ತಪ್ಪಲ್ಲ.

ಮಾಗಡಿಯವಳು

ದಯವಿಟ್ಟು ರಂಗಾ ಅವರ ಕಡೆಗೇ ಮರಳೋಣ, ಎಳೆ ಬೇರೆಡೆ ಹೋಗುತ್ತಿದೆ. ಅವರ ಕನ್ನಡ ಚಿತ್ರಗಳನ್ನು ಇನ್ನೂ ಯಾರೂ ಮುಟ್ಟಿಲ್ಲ.

1959ರ ‘ಮಹಿಷಾಸುರ ಮರ್ದಿನಿ’. ರಾಜ್‌ಕುಮಾರ್ ಮಹಿಷಾಸುರ. ಜಿ.ಕೆ. ವೆಂಕಟೇಶ್ ಸಂಗೀತ. ‘ತುಂಬಿತು ಮನವ’ ಹಾಡನ್ನು ಅಣ್ಣಾವ್ರು ಎಸ್. ಜಾನಕಿಯವರ ಜೊತೆ ಹಾಡಿದ್ದು ಇದರಲ್ಲೇ. ಆ ಚಿತ್ರ ಕನ್ನಡದಿಂದ ಹಲವು ಭಾಷೆಗೆ ಡಬ್ ಆಗಿ ಹೋಯಿತು. ಕನ್ನಡ ಚಿತ್ರರಂಗ ಇನ್ನೂ ಎಳೆಯದಾಗಿದ್ದ ಕಾಲದಲ್ಲಿ ಕನ್ನಡದ ಚಿತ್ರ ಹೊರಗೆ ಹೋಗಿ ಬೇರೆ ಭಾಷೆ ಮಾತಾಡಿತು! ಮರುವರ್ಷ ‘ದಶಾವತಾರ’. ‘ವೈದೇಹಿ ಏನಾದಳೋ’ ಅಂತ ಪಿ.ಬಿ. ಶ್ರೀನಿವಾಸ್ ಹಾಡಿದ್ದು ಕೇಳಿದರೆ ಇವತ್ತಿಗೂ ಎದೆ ಹಿಂಡುತ್ತದೆ. 1965ರಲ್ಲಿ ‘ಚಂದ್ರಹಾಸ’, ಅದೂ ಕನ್ನಡ ತೆಲುಗು ಎರಡರಲ್ಲೂ. 1982ರಲ್ಲಿ ‘ಹಾಸ್ಯರತ್ನ ರಾಮಕೃಷ್ಣ’. ಅಂದರೆ ತೆಲುಗಿನಲ್ಲಿ ತಾವೇ ಗೆಲ್ಲಿಸಿದ ತೆನಾಲಿಯ ಕಥೆಯನ್ನು ಇಪ್ಪತ್ತಾರು ವರ್ಷದ ಮೇಲೆ ಕನ್ನಡಕ್ಕೆ ತಂದರು.

ನನಗೆ ಅವರ ಬದುಕಿನಲ್ಲಿ ಎಲ್ಲಕ್ಕಿಂತ ಹೆಚ್ಚು ತಟ್ಟುವುದು ಇದು. ಮದ್ರಾಸಿನಲ್ಲಿ ನೆಲೆಸಿ, ತೆಲುಗು ತಮಿಳಿನ ದೊಡ್ಡ ಮಾರುಕಟ್ಟೆ ಕೈಯಲ್ಲಿದ್ದೂ, ಸಣ್ಣ ಮಾರುಕಟ್ಟೆಯ ಕನ್ನಡವನ್ನು ಅವರು ಬಿಡಲಿಲ್ಲ. ಜಕಣಾಚಾರಿಯನ್ನು ಬರೀ ತೆಲುಗಿನಲ್ಲಿ ತೆಗೆದಿದ್ದರೂ ದುಡ್ಡು ಬರುತ್ತಿತ್ತು. ಕಲರ್ ನೆಗೆಟಿವ್ ದುಬಾರಿಯಾಗಿದ್ದ ಕಾಲದಲ್ಲಿ ಕನ್ನಡಕ್ಕೂ ಅದೇ ಖರ್ಚು ಹಾಕಿದರು.

ನಾಂದಿಪದ್ಯ

ಈ ಕೊನೆಯ ಮಾತಿಗೆ ನನ್ನಲ್ಲಿ ಉತ್ತರವಿಲ್ಲ ಅಕ್ಕ. ಗೌರವ ಹೆಚ್ಚಾಯಿತು. ಛಾಯಾಗ್ರಾಹಕರಾಗಿ ಬಾರ್ಟ್ಲಿಯ ಪಕ್ಕ ಕೂರಿಸಬೇಕೆನ್ನುವುದನ್ನು ನಾನು ಈಗಲೂ ಒಪ್ಪುವುದಿಲ್ಲ, ಆದರೆ ಕನ್ನಡ, ತೆಲುಗು ಎರಡೂ ಚಿತ್ರರಂಗದ ಇತಿಹಾಸದಲ್ಲಿ ಅವರಿಗೆ ಕೊಡುತ್ತಿರುವ ಜಾಗ ಬಹಳ ಕಡಿಮೆ ಎನ್ನುವುದನ್ನು ಒಪ್ಪುತ್ತೇನೆ.

ಬಳ್ಳಾರಿ ಬಯಲು

ಪಥಿಕ ಸರ್, ಲ್ಯಾಬ್ ವಿಷಯ ಒಂದು ಸಾಲಿನಾಗ ಬಿಟ್ರಿ. ಅದು ಯಾಕೆ ದೊಡ್ಡದು ಅಂತ ಹೇಳ್ರಿ.

ಛಾಯಾಪಥಿಕ

ಹೇಳುತ್ತೇನೆ. ಬಹಳ ಕಾಲ ಕನ್ನಡ ಚಿತ್ರ ಅಂದರೆ ಮದ್ರಾಸಿನ ಕೂಸು. ಫ್ಲೋರು ಅಲ್ಲಿ, ರೆಕಾರ್ಡಿಂಗ್ ಅಲ್ಲಿ, ಫಿಲಂ ತೊಳೆಯುವ ಲ್ಯಾಬ್ ಅಲ್ಲಿ. 1960ರ ದಶಕದ ಕೊನೆಗೆ ರಾಜ್ಯ ಸರ್ಕಾರ ಇಲ್ಲೇ ತೆಗೆದ ಚಿತ್ರಗಳಿಗೆ ಸಬ್ಸಿಡಿ ಕೊಡಲು ಶುರು ಮಾಡಿತು, ಶೂಟಿಂಗ್ ನಿಧಾನವಾಗಿ ಇತ್ತ ಬಂತು. ಆದರೆ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ತೆಗೆದ ನೆಗೆಟಿವ್ ರೈಲು ಹತ್ತಿ ಮದ್ರಾಸಿಗೆ ಹೋಗಿ ತೊಳೆದು ಬರುವವರೆಗೆ ಏನು ಸಿಕ್ಕಿದೆ ಅಂತ ಗೊತ್ತಾಗುತ್ತಿರಲಿಲ್ಲ. ಶಾಟ್ ಹಾಳಾಗಿದ್ದರೆ ಸೆಟ್ ಆಗಲೇ ಬಿಚ್ಚಿರುತ್ತಿತ್ತು. ಸ್ವಂತ ಊರಿನಲ್ಲಿ ಕಲರ್ ಲ್ಯಾಬ್ ಇರುವುದು ಅಂದರೆ ನಿನ್ನೆ ತೆಗೆದದ್ದನ್ನು ಬೇಗ ನೋಡಿ ತಿದ್ದಿಕೊಳ್ಳುವ ಸೌಲಭ್ಯ. ಇದರ ಬೆಲೆ ಬೆಳಕಿನ ಕೆಲಸ ಮಾಡಿದವರಿಗೇ ಚೆನ್ನಾಗಿ ಗೊತ್ತಿರುತ್ತದೆ. ವಸಂತ್ ಕಲರ್ ಲ್ಯಾಬ್ ನನ್ನ ಲೆಕ್ಕದಲ್ಲಿ ರಂಗಾ ಅವರ ಯಾವ ಚಿತ್ರಕ್ಕೂ ಕಡಿಮೆಯ ಕೊಡುಗೆ ಅಲ್ಲ.

ಕಟ್ಟರ್‌ಸ್ಟ್ಯಾಂಡ್

ನಿಜ. ಲ್ಯಾಬ್ ಮಾತು ಬಂದದ್ದಕ್ಕೆ ಒಂದು ಆತಂಕವನ್ನೂ ಹೇಳಿಬಿಡುತ್ತೇನೆ. ಕಪ್ಪುಬಿಳುಪಿನ ಚಿತ್ರ ಬೆಳ್ಳಿಯ ಕಣಗಳಲ್ಲಿ ಇರುತ್ತದೆ. ಬೇಸ್ ಹಾಳಾಗದಿದ್ದರೆ ಅದು ತಡೆಯುತ್ತದೆ. ಬಣ್ಣದ್ದು ಡೈ. ಆ ಕಾಲದ ಈಸ್ಟ್‌ಮನ್ ಕಲರ್ ಪ್ರಿಂಟುಗಳಲ್ಲಿ ಮೊದಲು ನೀಲಿ ಕಡೆಯ ಡೈ ಹೋಗುತ್ತದೆ, ಇಡೀ ಚಿತ್ರ ಕುಂಕುಮ ಚೆಲ್ಲಿದ ಹಾಗೆ ಕೆಂಪಾಗುತ್ತದೆ. ಸೆಕೆಯಲ್ಲಿ ಇಟ್ಟರೆ ಇನ್ನೂ ಬೇಗ. ಜೊತೆಗೆ ಅಸಿಟೇಟ್ ಬೇಸ್ ಹುಳಿವಾಸನೆ ಹೊಡೆಯಲು ಶುರುವಾದರೆ ಫಿಲಂ ಮುದುರಿ ಹೋಗುತ್ತದೆ. ನಾನು ಕೆಲಸ ಮಾಡಿದ ಒಂದು ಕಡೆ ಗೋದಾಮು ಖಾಲಿ ಮಾಡುವಾಗ ಹಳೆಯ ಡಬ್ಬಿಗಳನ್ನು ತೂಕಕ್ಕೆ ಹಾಕಿದ್ದನ್ನು ಕಣ್ಣಾರೆ ನೋಡಿದ್ದೇನೆ. ಯಾವ ಚಿತ್ರದ್ದು ಅಂತ ತೆರೆದು ನೋಡುವವರೂ ಇರಲಿಲ್ಲ.

‘ಮಾಯಾಬಜಾರ್’ಗೆ ಅದೃಷ್ಟ ಇತ್ತು. ಹೈದರಾಬಾದಿನ ಗೋಲ್ಡ್‌ಸ್ಟೋನ್ ಸಂಸ್ಥೆ ಅದನ್ನು ಡಿಜಿಟಲ್ ಮಾಡಿ ಬಣ್ಣ ಹಚ್ಚಿ 2010ರ ಜನವರಿಯಲ್ಲಿ ಮತ್ತೆ ಬಿಡುಗಡೆ ಮಾಡಿತು. ಬಾರ್ಟ್ಲಿಯ ಕಪ್ಪುಬಿಳುಪಿಗೆ ಬಣ್ಣ ಹಚ್ಚಿದ್ದು ನನಗೆ ಹಿಡಿಸಲಿಲ್ಲ, ಆದರೆ ಆ ನೆಪದಲ್ಲಿ ಚಿತ್ರ ಉಳಿಯಿತಲ್ಲ, ಅದಕ್ಕೆ ಕೈ ಮುಗಿಯುತ್ತೇನೆ. ಕನ್ನಡದ ಮೊದಲ ವರ್ಣಚಿತ್ರಕ್ಕೆ ಅಂಥ ಕಾಳಜಿ ಸಿಗಬೇಕು. ನಿಜಕ್ಕೂ ಬಣ್ಣದಲ್ಲೇ ಹುಟ್ಟಿದ ಚಿತ್ರ ಅದು. ಕ್ಯಾಮರಾ ನೆಗೆಟಿವ್‌ನಿಂದ ಸ್ಕ್ಯಾನ್ ಮಾಡಿ, ರಂಗಾ ಅವರು ನೋಡಿದ ಬಣ್ಣ ಯಾವುದು ಅಂತ ತಿಳಿದವರನ್ನು ಕೂರಿಸಿ ಗ್ರೇಡ್ ಮಾಡಬೇಕು, ಅಂದರೆ ಬಣ್ಣ ಹೊಂದಿಸಬೇಕು.

ಕೋಲಾರ ಕೆಂಪುಮಣ್ಣು

ಪುಣೆಯ ರಾಷ್ಟ್ರೀಯ ಚಲನಚಿತ್ರ ಭಂಡಾರ ಶುರುವಾದದ್ದು ಕೂಡ 1964ರಲ್ಲೇ, ಜಕಣಾಚಾರಿ ಬಂದ ವರ್ಷ. ಅಲ್ಲಿಗೂ ನಮ್ಮ ಚಲನಚಿತ್ರ ಅಕಾಡೆಮಿಗೂ ಬರೆಯೋಣ. ಯಾವ ಪ್ರಿಂಟು, ಯಾವ ನೆಗೆಟಿವ್, ಯಾವ ಸ್ಥಿತಿಯಲ್ಲಿದೆ ಅಂತ ಕೇಳಿ. ಕನ್ನಡ, ತೆಲುಗು ಎರಡೂ ಆವೃತ್ತಿಗೆ ಬೇರೆಬೇರೆಯಾಗಿ ಕೇಳಬೇಕು. ಒಂದರದ್ದು ಚೆನ್ನಾಗಿದ್ದರೆ ಬಣ್ಣಕ್ಕೆ ಇನ್ನೊಂದಕ್ಕೂ ಅದೇ ಆಧಾರ ಆಗುತ್ತದಲ್ಲ, ಸರ್?

ಕಟ್ಟರ್‌ಸ್ಟ್ಯಾಂಡ್

ಖಂಡಿತ ಆಗುತ್ತದೆ. ಒಂದೇ ನಿರ್ಮಾಣ, ಒಂದೇ ಕಾಲದ ನೆಗೆಟಿವ್. ಸರೋಜಾದೇವಿಯವರು ಎರಡರಲ್ಲೂ ಇದ್ದಾರೆ, ಅವರ ಮೈಬಣ್ಣವನ್ನೇ ಅಳತೆಯಾಗಿ ಇಟ್ಟುಕೊಳ್ಳಬಹುದು. ಪತ್ರದಲ್ಲಿ ಈ ಸಾಲು ಸೇರಿಸಿ.

ಮಾಗಡಿಯವಳು

ಕರಡು ನಾನು ಬರೆಯುತ್ತೇನೆ. ಬಳ್ಳಾರಿಯವರೇ, ತೆಲುಗು ಸಿನಿಮಾ ಗುಂಪುಗಳಲ್ಲಿ ಹಾಕಲು ಅದನ್ನೇ ನೀವು ತೆಲುಗಿನಲ್ಲಿ ಮಾಡಿಕೊಡಬೇಕು. ಎರಡೂ ಕಡೆಯಿಂದ ಕೇಳಿದರೆ ತೂಕ ಬರುತ್ತದೆ.

ಬಳ್ಳಾರಿ ಬಯಲು

ಮಾಡಿಕೊಡ್ತೀನಿ ಅಕ್ಕಾರೆ. ನಾಗೇಶ್ವರರಾಯರ ಅಭಿಮಾನಿಗಳು ಆ ಗುಂಪುಗಳಾಗ ಭಾಳ ಮಂದಿ ಅದಾರ. ಜಕ್ಕನ್ನ ಅಂದ್ರ ಸಾಕು, ಸಹಿಗೆ ಮುಂದ ಬರ್ತಾರ. ಕರಡು ಕಳಿಸ್ರಿ, ಜೊತೀಗೆ ರಂಗಾ ಅವರು ಎರಡೂ ಭಾಷೆಯಲ್ಲಿ ತೆಗೆದ ಚಿತ್ರಗಳ ಪಟ್ಟಿನೂ ಇರ್ಲಿ.